ರಾಜಿಯ ಲಾಭ ಊರಿಗೆ, ನೋವು ಯಾರಿಗೆ?

ತೀರ್ಥಹಳ್ಳಿಯ ಕಡೆ ಎರಡು ಮನೆಗಳ ನಡುವೆ ಮಾತು ನಿಂತರೆ ಮೊದಲ ಪೆಟ್ಟು ಬೀಳುವುದು ಮುಯ್ಯಾಳಿಗೆ, ಅಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಸರದಿಯಂತೆ ಆಳಾಗಿ ಹೋಗುವ ರೂಢಿಗೆ: ನೆಟ್ಟಿಯ ದಿನ ಗದ್ದೆಗೆ ಬರಬೇಕಾದವರು ಬರುವುದಿಲ್ಲ, ಅಡಿಕೆ ಸುಲಿಯುವ ರಾತ್ರಿ ಕೆಲವು ಮೆಟ್ಟುಗತ್ತಿಗಳ ಮುಂದೆ ಯಾರೂ ಕೂರುವುದಿಲ್ಲ. ಹಿರಿಯರು ಪಂಚಾಯಿತಿ ಸೇರಿಸಿ ರಾಜಿ ಮಾಡಿಸಿದ ಮೇಲೆ ಮುಯ್ಯಾಳು ಮತ್ತೆ ಶುರುವಾದರೆ, ಜಗಳ ಮುಗಿಯಿತೆಂದು ಊರು ತೀರ್ಮಾನಿಸುತ್ತದೆ. ಬೇಲಿಯ ವ್ಯಾಜ್ಯವನ್ನು ಅಂತರ್ಯುದ್ಧದ ಪಕ್ಕದಲ್ಲಿ ಇಡುವಂತಿಲ್ಲ, ನಿಜ. ಆದರೆ ಊರು ನೆಮ್ಮದಿಯಾದರೆ ಅಲ್ಲಿನ ಮನುಷ್ಯರೂ ನೆಮ್ಮದಿಯಾದಂತೆ ಎಂಬ ನಂಬಿಕೆ ಎರಡೂ ಕಡೆ ಒಂದೇ, ಮತ್ತು ಅದು ಸಿಯೆರಾ ಲಿಯೋನ್‌ನಲ್ಲಿ ನಡೆದ ಪ್ರಯೋಗವೊಂದರಲ್ಲಿ ನಿಲ್ಲಲಿಲ್ಲ.

ಪಶ್ಚಿಮ ಆಫ್ರಿಕಾದ ಆ ದೇಶದಲ್ಲಿ 1991ರಿಂದ 2002ರವರೆಗೆ ನಡೆದ ಯುದ್ಧ 50,000ಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತು. ಯುದ್ಧ ಮುಗಿದಾಗ ಹಿಂಸೆ ಎಸಗಿದವರೂ ಅದನ್ನು ಉಂಡವರೂ ಎಷ್ಟೋ ಕಡೆ ಒಂದೇ ಹಳ್ಳಿಯಲ್ಲಿ ಬಾಳಬೇಕಾಯಿತು. ಫಂಬುಲ್ ಟಾಕ್ ಎಂಬ ಸ್ಥಳೀಯ ಸಂಸ್ಥೆ ಇಂಥ ಹಳ್ಳಿಗಳಲ್ಲಿ ರಾತ್ರಿ ಬೆಂಕಿ ಹಾಕಿಸಿ ಜನರನ್ನು ಅದರ ಸುತ್ತ ಕೂರಿಸುತ್ತಿತ್ತು. ನೊಂದವರು ತಮಗಾದದ್ದನ್ನು ಎಲ್ಲರೆದುರು ಹೇಳುತ್ತಿದ್ದರು, ಎಸಗಿದವರು ಒಪ್ಪಿಕೊಂಡು ಕ್ಷಮೆ ಬೇಡುತ್ತಿದ್ದರು. ಶಿಕ್ಷೆಯಿಲ್ಲ, ಪರಿಹಾರದ ಹಣವೂ ಇಲ್ಲ.

ಸಿಲಿಯರ್ಸ್, ದುಬೆ ಮತ್ತು ಸಿದ್ದಿಕಿ ಎಂಬ ಸಂಶೋಧಕರು 200 ಹಳ್ಳಿಗಳನ್ನು ಆಯ್ದು, ಚೀಟಿ ಎತ್ತಿದಂತೆ ಅರ್ಧದಷ್ಟಕ್ಕೆ ಮಾತ್ರ ಈ ಸಭೆ ಸಿಗುವಂತೆ ಮಾಡಿ, 9 ತಿಂಗಳ ಮತ್ತು 31 ತಿಂಗಳ ನಂತರ ಎರಡೂ ಗುಂಪುಗಳನ್ನು ಹೋಲಿಸಿದರು. 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಮೊದಲರ್ಧ ಸಂತೋಷದ್ದೇ: ಸಭೆ ನಡೆದ ಊರುಗಳಲ್ಲಿ ಕ್ಷಮಿಸುವವರು ಹೆಚ್ಚಿದ್ದರು, ಗೆಳೆತನದ ಬಳಕೆ ಹರಡಿತ್ತು, ಊರ ಕೆಲಸಕ್ಕೆ ಕೈಜೋಡಿಸುವುದೂ ಹೆಚ್ಚಿತ್ತು. ಅದೇ ಊರುಗಳಲ್ಲಿ ಖಿನ್ನತೆ, ಆತಂಕ ಮತ್ತು ಆಘಾತೋತ್ತರ ಒತ್ತಡವೂ ಹೆಚ್ಚಾಗಿದ್ದವು, ಮತ್ತು 31 ತಿಂಗಳಾದರೂ ಅವು ಇಳಿದಿರಲಿಲ್ಲ.

ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ನಾವೆಲ್ಲ ಲೀಲಾಜಾಲವಾಗಿ ಹೇಳುತ್ತೇವಲ್ಲ, ಅದಕ್ಕೆ ಇದು ಕಹಿ ಉತ್ತರ. ಆಘಾತದ ನೆನಪನ್ನು ಮತ್ತೆ ಕೆದಕುವ ಚಿಕಿತ್ಸೆ ಮನೋವೈದ್ಯಶಾಸ್ತ್ರದಲ್ಲಿ ಇದೆ. ಆದರೆ ಅಲ್ಲಿ ತರಬೇತಾದವರ ಜೊತೆ, ಸುರಕ್ಷಿತ ಜಾಗದಲ್ಲಿ, ವಾರಗಟ್ಟಲೆ ಅದೇ ನೆನಪಿಗೆ ಮರಳಿ ಮರಳಿ ಹೋದಾಗ ಭಯದ ಹಿಡಿತ ಸಡಿಲವಾಗುತ್ತದೆ. ಬೆಂಕಿಯ ಸುತ್ತಲಿನ ಸಭೆ ಗಾಯವನ್ನು ಒಮ್ಮೆ ತೆರೆದು ಮುಗಿಯುತ್ತಿತ್ತು. ಸಂಶೋಧಕರು ಸಭೆಗಳನ್ನೇ ಕೈಬಿಡಿ ಎನ್ನಲಿಲ್ಲ, ಊರಿನ ಲಾಭ ಉಳಿಸಿಕೊಂಡು ಮನಸ್ಸಿನ ನಷ್ಟ ತಗ್ಗಿಸುವಂತೆ ಅವನ್ನು ಮರುರೂಪಿಸಬೇಕೆಂದರು. ನನ್ನ ದೃಷ್ಟಿಯಲ್ಲಿ ಅದರ ಕನಿಷ್ಠ ಅರ್ಥವಿಷ್ಟು: ಎದ್ದು ನಿಂತು ಹೇಳಿದವರ ಮನೆಗೆ ಸಭೆಯ ನಂತರವೂ ತಿಂಗಳುಗಟ್ಟಲೆ ಯಾರಾದರೂ ಹೋಗಿಬರುವ ಏರ್ಪಾಡು ಇರಬೇಕು, ಮತ್ತು ಅದರ ಖರ್ಚನ್ನು ಸಭೆಯ ಖರ್ಚಿನಲ್ಲೇ ಮೊದಲು ಸೇರಿಸಿರಬೇಕು.