ಸೂಜಿಗೂ ಮುಂಚಿನ ಎರಡು ನಿಮಿಷ

"ಊಟ ಮಾಡ್ಲಿಲ್ಲ ಅಂದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಸೂಜಿ ಹಾಕಿಸ್ತೀನಿ ನೋಡು." ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಅದೇ ಮಗುವಿಗೆ ಒಂದು ದಿನ ನಿಜವಾಗಿಯೂ ಕಾಯಿಲೆ ಬರುತ್ತದೆ. ಆಸ್ಪತ್ರೆಯಲ್ಲಿ ಸೂಜಿ ಕಂಡ ಕೂಡಲೇ ಅದು ಕಿರುಚುತ್ತದೆ, ಒದೆಯುತ್ತದೆ. ಅಮ್ಮನನ್ನು "ಸ್ವಲ್ಪ ಆಚೆ ಇರಿ" ಅಂತ ಕಳಿಸುತ್ತಾರೆ. ಒಬ್ಬರು ಕೈ, ಇನ್ನೊಬ್ಬರು ಕಾಲು ಒತ್ತಿ ಹಿಡಿಯುತ್ತಾರೆ. ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. "ಅಬ್ಬಾ, ಎಷ್ಟು ಹಟ!" ಅಂತ ಯಾರೋ ಹೇಳುತ್ತಾರೆ.

ಹಟ ಅನ್ನುವ ಆ ಪದವೇ ತಪ್ಪು. ಅಪಾಯ ಅನಿಸಿದ ಕ್ಷಣ ಮಿದುಳಿನ ಅಮಿಗ್ಡಲ ಎಂಬ ಪುಟ್ಟ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಓಡಬೇಕು, ಇಲ್ಲವೇ ಹೊಡೆದಾಡಬೇಕು. ಮಂಚದ ಮೇಲೆ ಮಲಗಿಸಿದ ಮಗು ಎಲ್ಲಿಗೆ ಓಡೀತು? ಒದೆಯುತ್ತದೆ. ಅದಕ್ಕೂ ದಾರಿ ಇಲ್ಲದಿದ್ದರೆ ಕೆಲವು ಮಕ್ಕಳು ಮರಗಟ್ಟಿ ಸುಮ್ಮನಾಗಿಬಿಡುತ್ತಾರೆ.

"ಮಕ್ಕಳು ಬೇಗ ಮರೀತಾರೆ ಬಿಡಿ" ಅನ್ನುವವರು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡಬೇಕು. ಅಮೆರಿಕದಲ್ಲಿ ಸ್ಟೀವನ್ ವೈಸ್‌ಮನ್ ಮತ್ತು ಸಂಗಡಿಗರು ಕ್ಯಾನ್ಸರ್ ಇದ್ದ 21 ಮಕ್ಕಳನ್ನು ಗಮನಿಸಿದರು. ಈ ಮಕ್ಕಳಿಗೆ ಮೂಳೆಮಜ್ಜೆ ಅಥವಾ ಬೆನ್ನುಹುರಿಯ ನೀರು ತೆಗೆಯುವ ಪರೀಕ್ಷೆ ಮತ್ತೆ ಮತ್ತೆ ಆಗಬೇಕಿತ್ತು. ಮೊದಲ ಸಲ ಕೆಲವರಿಗೆ ನಿಜವಾದ ನೋವಿನ ಔಷಧಿ, ಕೆಲವರಿಗೆ ಔಷಧಿ ಇಲ್ಲದ ಹುಸಿ ಗುಳಿಗೆ. ಆಮೇಲಿನ ಪರೀಕ್ಷೆಗಳಲ್ಲಿ ಎಲ್ಲರಿಗೂ ನಿಜವಾದ ಔಷಧಿಯೇ. ಆದರೂ ಮೊದಲ ಸಲ ಹುಸಿ ಗುಳಿಗೆ ಸಿಕ್ಕಿದ್ದ ಮಕ್ಕಳಲ್ಲಿ, ಎಂಟು ವರ್ಷಕ್ಕಿಂತ ಚಿಕ್ಕವರು ಪ್ರತಿ ಸಲವೂ ಜಾಸ್ತಿ ನೋವು ಅಂದರು. ಮೊದಲ ದಿನದ ನೋವು ಮೈಯಲ್ಲೇ ಉಳಿದಿತ್ತು. ಸಣ್ಣ ಅಧ್ಯಯನವೇ ಇರಬಹುದು, ಆದರೆ ಇದನ್ನು ಓದಿದ ಮೇಲೆ "ಈ ಒಂದು ಸಲ ಹಿಡಿದು ಮುಗಿಸಿಬಿಡೋಣ" ಅನ್ನುವ ಮಾತು ನನಗಂತೂ ಒಪ್ಪಿಗೆಯಾಗುವುದಿಲ್ಲ.

ಇದಕ್ಕೂ ಮುಂಚೆ, ಎಳೆ ಕೂಸುಗಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲ ಎಂದೇ ಎಷ್ಟೋ ವೈದ್ಯರು ನಂಬಿದ್ದರು. ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಕೆಲಸ 1987ರಲ್ಲಿ ಪ್ರಕಟವಾದ ಮೇಲೆ ಆ ನಂಬಿಕೆ ಅಲುಗಾಡಿತು. ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಬಲವಾದ ನೋವು ನಿವಾರಕ ಕೊಟ್ಟರೆ ಅವು ಜಾಸ್ತಿ ಚೆನ್ನಾಗಿ ಚೇತರಿಸಿಕೊಂಡವು.

ನೋವು ಕಡಿಮೆ ಮಾಡುವುದು ಅರ್ಧ ಕೆಲಸ. ಉಳಿದರ್ಧ ಭಯದ್ದು. ಆಸ್ಪತ್ರೆಯಲ್ಲಿ ಟ್ರಾಮಾ ಅಂದರೆ ಗಾಯ, ಅಪಘಾತ. ಮನಸ್ಸಿಗೂ ಅಂಥ ಪೆಟ್ಟು ಬೀಳುತ್ತದೆ, ಚಿಕಿತ್ಸೆಯೇ ಆ ಪೆಟ್ಟು ಕೊಡಬಹುದು ಎಂದು ತಿಳಿದು ನಡೆದುಕೊಳ್ಳುವುದನ್ನು ಆಘಾತ ಅರಿತ ಆರೈಕೆ ಅನ್ನೋಣ. ಇದನ್ನು ಮಕ್ಕಳ ವಾರ್ಡಿನ ಸಿಬ್ಬಂದಿಗೆ ಹೇಗೆ ಕಲಿಸುವುದು? ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ನ್ಯಾನ್ಸಿ ಕಸಮ್-ಆಡಮ್ಸ್, ಆನ್ ಕಜಾಕ್ ಮೊದಲಾದವರು ಕಟ್ಟಿದ ಕೇಂದ್ರ ಒಂದು ಸುಲಭ ದಾರಿ ಹುಡುಕಿತು. ತುರ್ತು ಚಿಕಿತ್ಸೆಯಲ್ಲಿ ಎಲ್ಲರಿಗೂ ಎ, ಬಿ, ಸಿ ಬಾಯಿಪಾಠ: ಉಸಿರಿನ ದಾರಿ (ಏರ್‌ವೇ), ಉಸಿರಾಟ (ಬ್ರೀದಿಂಗ್), ರಕ್ತ ಸಂಚಾರ (ಸರ್ಕ್ಯುಲೇಷನ್). ಅದು ಸರಿಹೋದ ಮೇಲೆ ಡಿ, ಇ, ಎಫ್ ನೋಡಿ ಅಂದರು. ಡಿ ಅಂದರೆ ಮಗುವಿನ ಸಂಕಟ (ಡಿಸ್ಟ್ರೆಸ್), ಇ ಅಂದರೆ ಅದಕ್ಕೆ ಬೇಕಾದ ಆಸರೆ (ಎಮೋಷನಲ್ ಸಪೋರ್ಟ್), ಎಫ್ ಅಂದರೆ ಮನೆಯವರು (ಫ್ಯಾಮಿಲಿ).

ಸಂಕಟ ತಿಳಿಯಬೇಕಾದರೆ ಕೇಳಬೇಕು. "ನಿಂಗೆ ಯಾವುದಕ್ಕೆ ಜಾಸ್ತಿ ಭಯ ಆಗ್ತಿದೆ, ಪುಟ್ಟಾ?" ನಾವು ಆಪರೇಷನ್ ಅಂದುಕೊಂಡಿರುತ್ತೇವೆ. ಮಗು "ರಾತ್ರಿ ಅಮ್ಮ ಹೋಗ್ಬಿಟ್ರೆ?" ಅನ್ನಬಹುದು. ತಾನು ತಪ್ಪು ಮಾಡಿದ್ದಕ್ಕೇ ಈ ಕಾಯಿಲೆ ಬಂತು ಅಂತ ನಂಬಿದ ಮಕ್ಕಳೂ ಇರುತ್ತಾರೆ. ಊಟದ ತಟ್ಟೆಯ ಮುಂದೆ ಸೂಜಿಯ ಹೆದರಿಕೆ ತೋರಿಸಿ ಬೆಳೆಸಿದ ಮೇಲೆ ಇನ್ನೇನು ಅಂದುಕೊಂಡಾವು ಪಾಪ?

ಆಸರೆಯ ವಿಷಯದಲ್ಲಿ ತರಬೇತಿ ಕಲಿಸುವುದು ತೀರಾ ಚಿಕ್ಕ ಚಿಕ್ಕ ಸಂಗತಿಗಳು. ಅಂಗಾತ ಮಲಗಿಸಿ ಒತ್ತಿ ಹಿಡಿಯುವ ಬದಲು ಅಮ್ಮನ ತೊಡೆಯ ಮೇಲೆ ಕೂರಿಸಿ ತಬ್ಬಿ ಹಿಡಿಸುವುದು. ರಕ್ತ ತೆಗೆಯುವುದು ಮೊದಲೇ ಗೊತ್ತಿದ್ದರೆ ಸುಮಾರು ಒಂದು ಗಂಟೆ ಮುಂಚೆ ಚರ್ಮ ಮರಗಟ್ಟಿಸುವ ಕ್ರೀಮ್ ಹಚ್ಚುವುದು. ಕೂಸಾದರೆ ಎದೆಹಾಲು ಕುಡಿಯುತ್ತಿರುವಾಗಲೇ ಲಸಿಕೆ ಹಾಕುವುದು. "ಚುಚ್ಚಲಾ?" ಅಂತ ಕೇಳಬಾರದು. ಬೇಡ ಅಂದ ಮೇಲೂ ಚುಚ್ಚಿದರೆ ನಂಬಿಕೆ ಹೋಯಿತು. "ಎಡಗೈಯಾ, ಬಲಗೈಯಾ?" ಅಂತ ಕೇಳಬಹುದು. ಅದು ಮಗುವಿನ ಕೈಯಲ್ಲಿ ನಿಜವಾಗಿ ಇರುವ ಆಯ್ಕೆ.

ನನಗೆ ಅತಿ ಅಚ್ಚರಿ ತಂದದ್ದು "ಏನೂ ಆಗಲ್ಲ, ಏನೂ ಆಗಲ್ಲ" ಅನ್ನುವ ಸಮಾಧಾನದ ಕಥೆ. ಕೆನಡಾದ ಮೇಘನ್ ಮೆಕ್‌ಮರ್ಟ್ರಿ, ಕ್ರಿಸ್ಟೀನ್ ಚೇಂಬರ್ಸ್ ಮುಂತಾದವರು ನೋಡಿದ ಹಾಗೆ, ಈ ಮಾತು ಜಾಸ್ತಿ ಇದ್ದ ಕಡೆ ಮಕ್ಕಳ ಗಾಬರಿಯೂ ಜಾಸ್ತಿ. ಅಮ್ಮನೇ ಹೆದರಿದ್ದಾಳೆ ಅನ್ನುವುದನ್ನು ಮಗು ಅವಳ ಮುಖದಲ್ಲಿ, ದನಿಯಲ್ಲಿ ಓದಿಬಿಡುತ್ತದೆ. ಅದರ ಬದಲು ಸೋಪಿನ ಗುಳ್ಳೆ ಊದಿಸುವುದು, ಕಥೆ ಹೇಳುವುದು ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಅಳದ ಮಗು. "ಎಷ್ಟು ಒಳ್ಳೇದು, ತೊಂದರೇನೇ ಕೊಡಲ್ಲ" ಅಂತ ಹೊಗಳುತ್ತೇವೆ, ಅಲ್ವಾ? ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬ ಸಂಶೋಧಕರು ಆಸ್ಪತ್ರೆಯೊಂದರಲ್ಲಿ ಎಂಟು ದಿನ ಇದ್ದ ಎರಡು ವರ್ಷದ ಹುಡುಗಿಯನ್ನು ಚಿತ್ರೀಕರಿಸಿದರು. ಆ ಚಿತ್ರ 1952ರಲ್ಲಿ ಹೊರಬಂತು. ಆ ಕಾಲದಲ್ಲಿ ಅಲ್ಲಿ ಅಪ್ಪ ಅಮ್ಮ ಜೊತೆಗೆ ಇರುವ ಹಾಗಿರಲಿಲ್ಲ. ಹೊಂದಿಕೊಂಡಿದೆ ಅಂತ ದಾದಿಯರು ಅಂದುಕೊಳ್ಳುತ್ತಿದ್ದ ಮಕ್ಕಳು ಎಷ್ಟೋ ಸಲ ಒಳಗೇ ಕುಗ್ಗಿ ಹೋಗಿರುತ್ತಾರೆ ಎಂದು ಅವರು ತೋರಿಸಿದರು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ, ಹೆತ್ತವರಿಗೆ ವಾರ್ಡಿನ ಬಾಗಿಲು ತೆರೆಯಿರಿ ಅಂದಿತು. ನಮ್ಮ ವಾರ್ಡುಗಳಲ್ಲಿ ಅಮ್ಮ ಸಾಮಾನ್ಯವಾಗಿ ಮಗುವಿನ ಪಕ್ಕದಲ್ಲೇ ಇರುತ್ತಾಳೆ. ಇದು ದೊಡ್ಡ ಭಾಗ್ಯ. ಆದರೆ ಮಗುವಿಗೆ ಅವಳು ಅತಿ ಬೇಕಾದ ಆ ಎರಡು ನಿಮಿಷದಲ್ಲೇ ಆಚೆ ಕಳಿಸುತ್ತೇವೆ.

ಡಾಕ್ಟರರೊಬ್ಬರೇ ಕಲಿತರೆ ಸಾಲದು. ರಕ್ತ ತೆಗೆಯುವವರು, ಗಾಲಿಕುರ್ಚಿ ತಳ್ಳುವವರು, ರಾತ್ರಿ ಪಾಳಿಯ ಆಯಾ, ಬಾಗಿಲ ಬಳಿಯ ಸೆಕ್ಯುರಿಟಿ, ಎಲ್ಲರೂ ಕಲಿಯಬೇಕು. ಬೆಳಗಿನ ಪಾಳಿಯಲ್ಲಿ ಗಳಿಸಿದ ನಂಬಿಕೆ ರಾತ್ರಿಯ ಒಂದು ಗದರಿಕೆಗೆ ಹೋಗಬಹುದು. ಈ ಸಿಬ್ಬಂದಿಯೂ ದಿನವೂ ಮಕ್ಕಳ ನೋವು ನೋಡಿ ಬಳಲಿರುತ್ತಾರೆ. ಅವರ ಸಂಕಟ ಕೇಳುವುದಕ್ಕೂ ಒಳ್ಳೆಯ ತರಬೇತಿಯಲ್ಲಿ ಸಮಯ ಇರುತ್ತದೆ.

ಎಫ್, ಅಂದರೆ ಮನೆಯವರು, ಕೊನೆಯ ಅಕ್ಷರ. ಮಗುವಿನ ಕ್ಯಾನ್ಸರ್ ವಾಸಿಯಾಗಿ ವರ್ಷಗಳಾದ ಮೇಲೂ ಆ ದಿನಗಳ ಆಘಾತ ಮಗುವಿಗಿಂತ ಅಪ್ಪ ಅಮ್ಮನಲ್ಲೇ ಜಾಸ್ತಿ ಉಳಿದಿರುವುದನ್ನು ಕಜಾಕ್ ಕಂಡಿದ್ದರು. ಹಾಗಾಗಿ ನರ್ಸ್ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು: "ಅಮ್ಮಾ, ನಿನ್ನೆ ರಾತ್ರಿ ಸ್ವಲ್ಪ ನಿದ್ದೆ ಬಂತಾ? ಬೆಳಿಗ್ಗೆಯಿಂದ ನೀವೇನಾದ್ರೂ ತಿಂದ್ರಾ?"