ಹೊಸ ರ‍್ಯಾಮ್ ಹಾಕಿದೆ, ಕಂಪ್ಯೂಟರ್ ಆನ್ ಆಗ್ತಿಲ್ಲ!

"ನಿನ್ನೆವರೆಗೂ ಚೆನ್ನಾಗೇ ಇತ್ತು ಸರ್, ಹೊಸ ರ‍್ಯಾಮ್ ಹಾಕಿದೆ, ಅಷ್ಟೇ." ರಿಪೇರಿ ಮೇಜಿನ ಮುಂದೆ ನಿಂತು ಹೀಗೆ ಹೇಳುವವರ ಗಾಬರಿ ನನಗೆ ಅರ್ಥವಾಗುತ್ತದೆ. ಮದರ್‌ಬೋರ್ಡ್ ಸುಟ್ಟೇ ಹೋಯಿತು ಅಂದುಕೊಂಡು ಬಂದಿರುತ್ತಾರೆ. ಹೆಚ್ಚಿನ ಸಲ ಏನೂ ಸುಟ್ಟಿರುವುದಿಲ್ಲ. ನಿಮ್ಮ ಕೈ ಎಲ್ಲಿ ಹೋಗಿತ್ತೋ ಅಲ್ಲೇ ಎಡವಟ್ಟು ಇರುತ್ತದೆ.

ನಾನು ಮೊದಲು ಕೇಳುವುದು ಒಂದೇ: ಫ್ಯಾನ್ ತಿರುಗುತ್ತಾ, ಇಲ್ವಾ?

ಬಟನ್ ಒತ್ತಿದರೂ ಸದ್ದೇ ಇಲ್ಲ ಅಂದರೆ ಕರೆಂಟ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ನೋಡಿ. ಅದರಿಂದ ಬೋರ್ಡಿಗೆ ಬರುವ 24 ಪಿನ್ ಕನೆಕ್ಟರ್ ಪೂರ್ತಿ ಕೂತಿದೆಯಾ ನೋಡಿ. ಪವರ್ ಬಟನ್ನಿನಿಂದ ಬರುವ ಸಣ್ಣ ವೈರ್ ಕೈ ತಗುಲಿ ಕಳಚಿರಬಹುದು. ಆನ್ ಆಗಿ ತಕ್ಷಣ ಆಫ್ ಆದರೆ ಬೋರ್ಡಿನ ಮೇಲೆ ಎಲ್ಲಾದರೂ ಸ್ಕ್ರೂ ಬಿದ್ದಿದೆಯಾ ಹುಡುಕಿ.

ಫ್ಯಾನ್ ತಿರುಗುತ್ತಿದೆ, ಸ್ಕ್ರೀನ್ ಮಾತ್ರ ಕಪ್ಪು. ಆಗ ನನ್ನ ಮೊದಲ ಅನುಮಾನ ರ‍್ಯಾಮ್ ಮೇಲೆ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ, ಆಮೇಲೆ ಕೈ ಹಾಕಿ. ಕೆಲವು ಬೋರ್ಡುಗಳಲ್ಲಿ ಸ್ಲಾಟಿನ ಒಂದೇ ತುದಿಗೆ ಲಾಕ್ ಇರುತ್ತದೆ. ಅಲ್ಲಿ "ಟಕ್" ಅಂದ ಕೂಡಲೇ ಕೂತಿತು ಅಂದುಕೊಳ್ಳುತ್ತೇವೆ. ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೇ ನಿಂತಿರುತ್ತದೆ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಬಂಗಾರದ ಬಣ್ಣದ ಗೆರೆಗಳು ಒಂದು ಕಡೆ ಜಾಸ್ತಿ ಕಾಣುತ್ತಿದ್ದರೆ ಅದೇ ಕಾರಣ. ಎರಡು ಹೆಬ್ಬೆರಳಿಂದ ಎರಡೂ ತುದಿ ಸಮನಾಗಿ ಒತ್ತಿ. ಸ್ವಲ್ಪ ಗಟ್ಟಿಯಾಗಿಯೇ ಒತ್ತಬೇಕಾಗುತ್ತದೆ, ಹೆದರಬೇಡಿ. ಆದರೆ ರ‍್ಯಾಮಿನ ಕಚ್ಚು ಸ್ಲಾಟಿಗೆ ಹೊಂದದಿದ್ದರೆ ಖಂಡಿತ ಒತ್ತಬೇಡಿ. ರ‍್ಯಾಮಿನ ಎರಡು ತಲೆಮಾರುಗಳಾದ ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ, ಆದರೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಇನ್ನೂ ಬರಲಿಲ್ವಾ? ಒಂದೇ ರ‍್ಯಾಮ್ ಇಟ್ಟು ನೋಡಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೆ ಹಾಕಬೇಕು.

ಡಿಡಿಆರ್5 ಬಗ್ಗೆ ಒಂದು ಮಾತು. ಒಬ್ಬ ಹುಡುಗ ಇಡೀ ರಾತ್ರಿ ಒದ್ದಾಡಿ ಬೆಳಿಗ್ಗೆ ಬಂದಿದ್ದ. ಅರ್ಧ ನಿಮಿಷ ಸ್ಕ್ರೀನ್ ಬರಲಿಲ್ಲ ಅಂತ ಪ್ರತಿ ಸಲ ಆಫ್ ಮಾಡುತ್ತಿದ್ದನಂತೆ. ನಾನು ಆನ್ ಮಾಡಿ ಸುಮ್ನೆ ಕೂತೆ. ನಾಲ್ಕೈದು ನಿಮಿಷಕ್ಕೆ ಡಿಸ್‌ಪ್ಲೇ ಬಂತು! ಹೊಸ ರ‍್ಯಾಮ್ ಕಂಡಾಗ ಬೋರ್ಡ್ ಅದಕ್ಕೆ ಹೊಂದಿಕೊಳ್ಳಲು ಸಮಯ ತಗೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅಂತಾರೆ. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು.

ಗ್ರಾಫಿಕ್ಸ್ ಕಾರ್ಡ್ ಹಾಕಿದವರು ಮಾನಿಟರ್ ಕೇಬಲ್ ಎಲ್ಲಿದೆ ಅಂತ ನೋಡಲಿ. ಅದು ಮದರ್‌ಬೋರ್ಡಿನಲ್ಲೇ ಉಳಿದಿರುತ್ತದೆ, ಕಿತ್ತು ಕಾರ್ಡಿಗೆ ಹಾಕಿ. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಕಾರ್ಡಿನ ಮೇಲೆ ಪವರ್ ಕನೆಕ್ಟರ್ ಇದ್ದರೆ ಅದಕ್ಕೂ ಕೇಬಲ್ ಹಾಕಲೇಬೇಕು. ಎಸ್‌ಎಂಪಿಎಸ್ ಬದಲಿಸಿದವರಿಗೆ ಕೈಮುಗಿದು ಹೇಳುತ್ತೇನೆ: ಬಿಚ್ಚಿ ಹಾಕುವಂಥ ಕೇಬಲ್ ಇದ್ದರೆ ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಹೊಸದಕ್ಕೆ ಹಾಕಬೇಡಿ. ನೋಡಲು ಒಂದೇ ಥರ ಇದ್ದರೂ ಒಳಗಿನ ವೈರ್ ಜೋಡಣೆ ಬೇರೆ ಇರಬಹುದು. ಹಾರ್ಡ್ ಡಿಸ್ಕ್ ಸುಟ್ಟು ವರ್ಷಗಳ ಫೋಟೊ ಕಳೆದುಕೊಂಡವರನ್ನು ಕಂಡಿದ್ದೇನೆ.

ಪ್ರೊಸೆಸರ್ ಬದಲಿಸಿದ್ದರೆ ಬೋರ್ಡಿನ ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ ಸಾಫ್ಟ್‌ವೇರ್) ಹೊಸದನ್ನು ಗುರುತಿಸದಿರಬಹುದು. ಹಳೆಯದನ್ನೇ ಮತ್ತೆ ಕೂರಿಸಿ, ಬಯಾಸ್ ಅಪ್‌ಡೇಟ್ ಮಾಡಿ, ಆಮೇಲೆ ಹೊಸದು ಹಾಕಿ.

ಯಾವುದೂ ಫಲಿಸದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಬಯಾಸ್ ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಆಗಲೂ ಇಲ್ಲ ಅಂದರೆ ಹಳೆಯ ಭಾಗ ವಾಪಸ್ ಹಾಕಿ. ಅದಕ್ಕೂ ಆನ್ ಆಗದಿದ್ದರೆ ರಿಪೇರಿಗೆ ಕೊಡಿ. ಕೊಡುವಾಗ ಹಳೆಯ ಭಾಗವನ್ನೂ ಜೊತೆಗೆ ತನ್ನಿ, ಏನೇನು ಮುಟ್ಟಿದಿರಿ ಅಂತ ಮುಚ್ಚಿಡದೆ ಹೇಳಿ. ನಮ್ಮ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.