ಎಂಟು ಸೀಟಿನ ವಿಮಾನಕ್ಕೆ ಐದು ಜನ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿರುವ ನನ್ನ ಕಚೇರಿಗೆ ಬಾಡಿಗೆ ವಿಮಾನ ಗೊತ್ತುಮಾಡಲು ಬರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಸೀಟಿದೆ?’ ಎಂಟು ಎಂದರೆ ಸಾಕು, ಎಂಟು ಹೆಸರುಗಳ ಪಟ್ಟಿ ಸಿದ್ಧವಾಗುತ್ತದೆ. ಬಾಡಿಗೆಯನ್ನು ಹಾರಾಟದ ಗಂಟೆಗಳ ಮೇಲೆ ಲೆಕ್ಕ ಹಾಕುವುದರಿಂದ, ಐದು ಜನ ಹೋದರೂ ಎಂಟು ಜನ ಹೋದರೂ ಹಣ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಟೆಂಪೋ ಟ್ರಾವೆಲರ್ ಹಿಡಿದಾಗ ಹಿಂದಿನ ಸೀಟಿಗೆ ನೆಂಟರನ್ನು ಹತ್ತಿಸಿಕೊಂಡಂತೆ ಇಲ್ಲಿಯೂ ಹತ್ತಿಸಿಕೊಳ್ಳುತ್ತಾರೆ. ಅವರ ವ್ಯವಹಾರಬುದ್ಧಿಯನ್ನು ನಾನು ದೂರಲಾರೆ. ಆದರೆ ಎರಡು ಗಂಟೆ ಮಂಡಿ ಮಡಚಿ ಕುಳಿತು ಇಳಿದ ಮೇಲೆ ಅವರು ದೂರುವುದು ನನ್ನನ್ನು.

ನಮ್ಮಲ್ಲಿ ಬಾಡಿಗೆಗೆ ಸಿಗುವ ಸಣ್ಣ ವಿಮಾನಗಳಲ್ಲಿ ಬೀಚ್‌ಕ್ರಾಫ್ಟ್ ಕಂಪನಿಯ ಕಿಂಗ್ ಏರ್ ಬಿ200 ಪ್ರಮುಖವಾದದ್ದು. ಅದರ ಕ್ಯಾಬಿನ್ ಸುಮಾರು 145 ಸೆಂ.ಮೀ. ಎತ್ತರ, 137 ಸೆಂ.ಮೀ. ಅಗಲ, ಐದು ಮೀಟರಿಗಿಂತ ತುಸು ಹೆಚ್ಚು ಉದ್ದ. ಬೆಳೆದ ಮನುಷ್ಯ ಅದರೊಳಗೆ ನೆಟ್ಟಗೆ ನಿಲ್ಲಲಾರ, ನಡ ಬಗ್ಗಿಸಿಕೊಂಡೇ ಸೀಟಿನವರೆಗೆ ಹೋಗಬೇಕು. ಅಗಲವೂ ದೊಡ್ಡ ಕಾರೊಂದರ ಒಳ ಅಗಲಕ್ಕಿಂತ ಹೆಚ್ಚೇನೂ ಇಲ್ಲ, ಅದರಲ್ಲೇ ಎರಡು ಸೀಟು ಮತ್ತು ನಡುವಿನ ದಾರಿ ಸೇರಬೇಕು. ಉದ್ದದಲ್ಲಿ ಬಾಗಿಲ ಬಳಿಯ ಜಾಗವೂ, ಸಾಮಾನ್ಯವಾಗಿ ಶೌಚದ ಮೂಲೆಯೂ ಸೇರಿರುತ್ತವೆ. ರೆಕ್ಕೆಯ ಭಾರ ಹೊರುವ ತೊಲೆ ನೆಲದಡಿಯಲ್ಲಿ ಅಡ್ಡ ಹಾಯುವುದರಿಂದ ನಡುದಾರಿಯಲ್ಲಿ ಒಂದು ದಿಬ್ಬವಿದೆ, ಹೊಸಬರು ಎಡವುವುದು ಅಲ್ಲಿಯೇ. ಸೆಸ್ನಾ ಕಂಪನಿಯ ಸಿಟೇಷನ್ ಸಾಲಿನ ಚಿಕ್ಕ ಜೆಟ್‌ಗಳ ಅನೇಕ ಮಾದರಿಗಳಲ್ಲಿ ನಡುದಾರಿಯನ್ನೇ ತಗ್ಗಿಸಿರುತ್ತಾರೆ. ಕೈಪತ್ರದಲ್ಲಿ ಅಚ್ಚಾಗುವ ಎತ್ತರ ಆ ತಗ್ಗಿನಿಂದ ಅಳೆದದ್ದು. ಅವುಗಳ ಒಡಲು ದುಂಡಗಿರುವುದರಿಂದ ಮೊಣಕೈ ಮಟ್ಟದಲ್ಲಿರುವ ಅಗಲ ಪಾದದ ಮಟ್ಟದಲ್ಲಿ ಇರುವುದಿಲ್ಲ, ಕಿಟಕಿ ಕಡೆಯ ಪಾದ ಗೋಡೆಯ ಇಳಿಜಾರಿಗೆ ತಾಗುತ್ತದೆ. ಈ ಒಂದು ವಿಷಯದಲ್ಲಿ ಕಿಂಗ್ ಏರ್ ವಾಸಿ, ಅದರ ಗೋಡೆ ಬಹುಮಟ್ಟಿಗೆ ಚೌಕವಾಗಿದೆ.

ಇವೆಲ್ಲ ಹೇಳಿದರೆ ಅರ್ಥವಾಗುತ್ತವೆ. ಎಷ್ಟು ಹೇಳಿದರೂ ಅರ್ಥವಾಗದಿರುವುದು ಎದುರುಬದುರು ಸೀಟುಗಳ ಲೆಕ್ಕ. ದೊಡ್ಡ ವಿಮಾನದಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಕೂರುತ್ತಾರೆ. ಸೀಟು ಇಕ್ಕಟ್ಟಾಗಿದ್ದರೂ ಮುಂದಿನ ಸೀಟಿನ ಅಡಿಯಲ್ಲಿ ಪಾದ ತೂರಿಸಬಹುದು, ಆ ಜಾಗ ನಿಮ್ಮೊಬ್ಬರದೇ. ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ ನಾಲ್ಕು ಸೀಟುಗಳು ಎರಡೆರಡಾಗಿ ಒಂದನ್ನೊಂದು ನೋಡುತ್ತಿರುತ್ತವೆ. ಚಿತ್ರದಲ್ಲಿ ಅದು ಮನೆಯ ಹಜಾರದಂತೆ ಚೆನ್ನಾಗಿ ಕಾಣುತ್ತದೆ, ಆ ಚಿತ್ರಗಳಲ್ಲಿ ಒಬ್ಬರೋ ಇಬ್ಬರೋ ಮಾತ್ರ ಕುಳಿತಿರುತ್ತಾರೆ ಎಂಬುದನ್ನು ಗಮನಿಸಿ. ಎದುರುಬದುರು ಕೂತ ಇಬ್ಬರ ನಡುವೆ ಇರುವುದು ಒಂದೇ ಜಾಗ, ಅದಕ್ಕೆ ಇಳಿಯಬೇಕಾದ ಕಾಲುಗಳು ನಾಲ್ಕು. ಒಬ್ಬರು ಚಾಚಿದರೆ ಇನ್ನೊಬ್ಬರು ಮಡಚಲೇಬೇಕು. ಅಂದರೆ ಈ ನಾಲ್ಕು ಸೀಟುಗಳಲ್ಲಿ ಕಾಲಿಗೆ ಇರುವ ಜಾಗ ಎರಡೇ. ಸೀಟನ್ನು ಹಿಂದೆ ಸರಿಸಬಹುದಲ್ಲವೇ ಎಂದು ಕೇಳುತ್ತಾರೆ. ಕೆಲವು ವಿಮಾನಗಳಲ್ಲಿ ಕೆಲವು ಅಂಗುಲ ಸರಿಸಬಹುದು, ಆದರೆ ಸರಿದ ಸೀಟು ಹಿಂದಿನವರ ಮಂಡಿಯ ಮೇಲೆ ಬರುತ್ತದೆ. ಟೇಕಾಫ್ ಮತ್ತು ಲ್ಯಾಂಡಿಂಗ್ ಹೊತ್ತಿನಲ್ಲಂತೂ ಸೀಟಿನ ಬೆನ್ನನ್ನು ನೆಟ್ಟಗೆ ಮಾಡಲೇಬೇಕು.

ಅನುಮಾನವಿದ್ದವರಿಗೆ ನಾನು ಮನೆಯಲ್ಲೇ ಒಂದು ಅಳತೆ ತೆಗೆಯಲು ಹೇಳುತ್ತೇನೆ. ಗೋಡೆಗೆ ಬೆನ್ನು ಒತ್ತಿ ಸ್ಟೂಲಿನ ಮೇಲೆ ಕುಳಿತು, ಗೋಡೆಯಿಂದ ಮಂಡಿಯ ತುದಿಯವರೆಗೆ ಟೇಪು ಹಿಡಿಯಿರಿ. ಎತ್ತರದವರಲ್ಲಿ ಅದು ಎರಡು ಅಡಿಯ ಆಸುಪಾಸು ಬರುತ್ತದೆ. ಅಂಥ ಇಬ್ಬರನ್ನು ಎದುರುಬದುರು ಕೂರಿಸಿದರೆ ಮಂಡಿಗಳಿಗೇ ನಾಲ್ಕು ಅಡಿ ಬೇಕು, ಪಾದದ ಮಾತು ಆಮೇಲಿನದು. ದೂರವಾಣಿಯಲ್ಲಿ ಈ ಅಳತೆ ಕೇಳಿದರೆ ಜನ ನಗುತ್ತಾರೆ, ದರ್ಜಿಯೊಬ್ಬ ವಿಮಾನದ ವ್ಯಾಪಾರಕ್ಕೆ ಇಳಿದಿದ್ದಾನೆಂದು ಆಡಿಕೊಂಡವರೂ ಇದ್ದಾರೆ.

ಎಂಟನೆಯ ಸೀಟಿನ ವಿಷಯವನ್ನು ಹೇಳುವುದೇ ನನಗೆ ಮುಜುಗರ. ಇಂಥ ಹಲವು ವಿಮಾನಗಳಲ್ಲಿ ಕೊನೆಯ ಸೀಟು ಎಂದರೆ ಶೌಚದ ಮುಚ್ಚಳ. ಅದಕ್ಕೆ ಮೆತ್ತೆ, ಬೆಲ್ಟು ಎಲ್ಲ ಇರುತ್ತವೆ, ನಿಯಮದ ಪ್ರಕಾರ ಅದು ಸೀಟೇ.

ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ರೇಷ್ಮೆ ನೂಲಿನ ವ್ಯಾಪಾರಿಯೊಬ್ಬರು, ಮಂಡಿಯ ಶಸ್ತ್ರಚಿಕಿತ್ಸೆಯಾಗಿದ್ದ ತಮ್ಮ ತಾಯಿಯವರನ್ನು ಶಿರಡಿಗೆ ಕರೆದೊಯ್ಯಲು ವಿಮಾನ ಕೇಳಿದರು. ಐದು ಜನರಿಗೆ ಸೀಮಿತಗೊಳಿಸಿ ಎಂದೆ. ‘ಸ್ವಾಮಿ, ದುಡ್ಡು ಕೊಟ್ಟ ಸೀಟನ್ನು ಖಾಲಿ ಬಿಡೋದು ಯಾವ ನ್ಯಾಯ?’ ಎಂದು ಕೇಳಿ ಏಳು ಹೆಸರು ಕೊಟ್ಟರು. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬರುವಾಗ ಭಾಮೈದನೂ ಜತೆಗಿದ್ದರು. ಅವರಿಗೆ ಕೊಟ್ಟಿದ್ದ ಕಿಂಗ್ ಏರ್ ಬಿ200 ವಿಮಾನದ ಗರಿಷ್ಠ ಟೇಕಾಫ್ ತೂಕ 5,670 ಕೆ.ಜಿ., ಟ್ಯಾಂಕು ಪೂರ್ತಿ ತುಂಬಿಸಿದರೆ ಎಂಟು ಜನ ಮತ್ತು ಲಗೇಜಿಗೆ ತೂಕ ಉಳಿಯುವುದಿಲ್ಲ. ಪೈಲಟ್ ಇಂಧನದ ಲೆಕ್ಕವನ್ನು ಮತ್ತೆ ಹಾಕಿ, ಎರಡು ಸೂಟ್‌ಕೇಸುಗಳನ್ನು ಇಳಿಸಿ ಹೊರಟರು. ಆ ಅಜ್ಜಿಗೆ ಮಂಡಿ ಪೂರ್ತಿ ಮಡಚಲು ಬಾರದು, ಎದುರಿಗೆ ಆರಡಿಯ ಮೊಮ್ಮಗ. ದಾರಿಯುದ್ದಕ್ಕೂ ಆ ಹುಡುಗ ಎರಡೂ ಕಾಲನ್ನು ನಡುದಾರಿಗೆ ತಿರುಗಿಸಿಕೊಂಡು ಓರೆಯಾಗಿ ಕುಳಿತಿದ್ದನಂತೆ.

ಒಳಗಿನ ಸೀಟುಗಳನ್ನು ಮಾಲೀಕರು ತಮಗೆ ಬೇಕಾದಂತೆ ಜೋಡಿಸಿಕೊಂಡಿರುವುದರಿಂದ, ಒಂದೇ ಮಾದರಿಯ ಎರಡು ವಿಮಾನಗಳು ಒಂದೇ ತರಹ ಇರುತ್ತವೆಂದು ನಾನು ಭರವಸೆ ಕೊಡಲಾರೆ. ನಿಮಗೆ ಕೊಡುವ ವಿಮಾನದ, ವಿಟಿ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಕೇಳಿ, ಅದೇ ವಿಮಾನದ ಸೀಟು ನಕ್ಷೆಯನ್ನು ತರಿಸಿಕೊಳ್ಳಿ. ಎದುರುಬದುರಿನ ನಾಲ್ಕರಲ್ಲಿ ಇಬ್ಬರನ್ನೇ, ಅದೂ ಮೂಲೆಯಿಂದ ಮೂಲೆಗೆ ಕೂರಿಸಿದರೆ ಇಬ್ಬರಿಗೂ ಕಾಲು ಚಾಚಲು ಬರುತ್ತದೆ. ಉಳಿದ ಮೂವರು ಹಿಂದೆ ಕೂರಲಿ. ಕಾಲಿನ ಶಸ್ತ್ರಚಿಕಿತ್ಸೆಯಾದವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು, ಅದು ನಾನು ಹೇಳುವ ವಿಷಯವಲ್ಲ.

ಶಿರಡಿಯಿಂದ ಮರಳುವಾಗ ವಿಮಾನದಲ್ಲಿ ಏಳೇ ಜನ ಇದ್ದರು. ಹೋಗುವಾಗ ಎಂಟನೆಯ ಸೀಟಿನಲ್ಲಿ ಕುಳಿತಿದ್ದ ಭಾಮೈದ ಕೋಪರಗಾಂವ್‌ನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ಕೆಳಗಿನ ಬರ್ತಿನಲ್ಲಿ ಕಾಲು ಚಾಚಿ ಮಲಗಿಕೊಂಡು ಬಂದರಂತೆ.